ಪುಸ್ತಕ ಬರೆಯದ ರೈಟರು

ಬೆಂಗಳೂರಿನಲ್ಲಿ ಯಾರನ್ನಾದರೂ ತೋರಿಸಿ ‘ಇವರು ರೈಟರ್’ ಎಂದರೆ ಕೇಳಿದವರು ತಕ್ಷಣ ‘ಏನೇನು ಬರೆದಿದ್ದಾರೆ?’ ಎನ್ನುತ್ತಾರೆ. ಕತೆಯೋ, ಕಾದಂಬರಿಯೋ, ಸಿನಿಮಾ ಸಂಭಾಷಣೆಯೋ ಎಂದು ವಿಚಾರಿಸುತ್ತಾರೆ. ಅದೇ ಮಾತನ್ನು ಸಕಲೇಶಪುರದಿಂದ ಮೂಡಿಗೆರೆ ಕಡೆಗೆ ಹೋಗುವ ದಾರಿಯ ಹಾನುಬಾಳಿನಲ್ಲಿ ಆಡಿದರೆ ಬರುವ ಪ್ರಶ್ನೆ ಒಂದೇ: ‘ಯಾವ ಎಸ್ಟೇಟು?’ ಅಲ್ಲಿ ರೈಟರು ಎಂದರೆ ಕಾಫಿ ತೋಟದ ಆಳುಗಳ ಲೆಕ್ಕ ಬರೆಯುವವರು, ಕೆಲಸ ಹಂಚುವವರು, ಹಂಚಿದ ಕೆಲಸ ಆಯಿತೋ ಇಲ್ಲವೋ ನೋಡುವವರು. ಅವರ ಕಾಲಲ್ಲಿ ಗಮ್‌ಬೂಟು, ಕಂಕುಳಲ್ಲಿ ಕೊಡೆ, ಜೇಬಿನಲ್ಲಿ ಒಂದು ಸಣ್ಣ ಪುಸ್ತಕ. ಆ ಪುಸ್ತಕಕ್ಕೆ ಮುನ್ನುಡಿ ಇಲ್ಲ, ಬಿಡುಗಡೆ ಸಮಾರಂಭವಂತೂ ಇಲ್ಲವೇ ಇಲ್ಲ. ಆದರೆ ಹಾನುಬಾಳು, ಹೆತ್ತೂರು, ಯಸಳೂರು, ಬೆಳಗೋಡು, ಆಲೂರಿನ ಸುತ್ತಲ ತೋಟಗಳ ಲೆಕ್ಕದಲ್ಲಿ ನೋಡಿದರೆ ಇಲ್ಲಿ ರೈಟರುಗಳಿಗೇನೂ ಬರವಿಲ್ಲ. ಪಟ್ಟಣದಿಂದ ಬಂದವರು ಇದನ್ನು ಕೇಳಿ ನಗುತ್ತಾರೆ. ಇಂಗ್ಲಿಷು ಬಲ್ಲವರು ‘ಕ್ಲಾರ್ಕ್ ಅನ್ನಬೇಕು, ಸೂಪರ್‌ವೈಸರ್ ಅನ್ನಬೇಕು, ರೈಟರ್ ಎಂದರೆ ಲೇಖಕ’ ಎಂದು ತಿದ್ದುತ್ತಾರೆ. ತಿದ್ದುವವರೇ ತಪ್ಪಿದ್ದಾರೆ ಎಂಬುದು ನನ್ನ ವಾದ. ಹಾನುಬಾಳಿನ ರೈಟರು ಕೆಟ್ಟ ಇಂಗ್ಲಿಷಿನ ಕೂಸಲ್ಲ, ಹಳೆಯ ಇಂಗ್ಲಿಷಿನ ನೇರ ವಾರಸುದಾರ. ಅಷ್ಟೇ ಅಲ್ಲದೆ, ಬರೆಯುವುದೆಂದರೆ ಏನು ಎಂಬುದನ್ನು ಲೇಖಕ ಎಂಬ ಅರ್ಥಕ್ಕಿಂತ ಆ ಹಳೆಯ ಅರ್ಥವೇ ನಮಗೆ ಸರಿಯಾಗಿ ಹೇಳಿಕೊಡುತ್ತದೆ.

ಮೊದಲು ಕೆಲಸವನ್ನು ನೋಡೋಣ. ಪದದ ಅರ್ಥ ಕೆಲಸದಲ್ಲಿರುತ್ತದೆ. ಬೆಳಿಗ್ಗೆ ಆಳುಗಳು ಬಂದು ನಿಂತಾಗ ಹಾಜರಿ ಹಾಕುವುದು ರೈಟರು. ಇಷ್ಟು ಜನ ನೆರಳು ಮರಗಳ ಕೊಂಬೆ ಕಡಿಯುವ ಮರಗಸಿಗೆ, ಇಷ್ಟು ಜನ ಚಿಗುರು ತೆಗೆಯುವುದಕ್ಕೆ, ಇಷ್ಟು ಜನ ಗೊಬ್ಬರಕ್ಕೆ ಎಂದು ಹಂಚುವುದು, ಮೇಸ್ತ್ರಿಗೆ ತೋಟದ ಪಟ್ಟೆ ತೋರಿಸುವುದು, ಮಧ್ಯಾಹ್ನ ಒಂದು ಸುತ್ತು ಹೋಗಿ ಬರುವುದು ಅವರ ಕೆಲಸ. ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣಿನ ಚೀಲಗಳು ತಕ್ಕಡಿಗೆ ಬಂದಾಗ ಯಾರದು ಎಷ್ಟು ಕೆ.ಜಿ. ಎಂದು ಬರೆದುಕೊಳ್ಳಬೇಕು. ಮಳೆಗಾಲದಲ್ಲಿ ಮಳೆ ಮಾಪಕದ ನೀರನ್ನು ಅಳೆದು ಇಂಚು-ಸೆಂಟುಗಳಲ್ಲಿ ದಾಖಲಿಸಬೇಕು. ಕಾಫಿ ಹೂವರಳಿಸುವ ಹೂಮಳೆ ಯಾವ ತಾರೀಖು ಬಂತು, ಅದರ ಬೆನ್ನಿಗೆ ಬರುವ ಮಳೆ ಎಷ್ಟು ದಿನದ ಮೇಲೆ ಬಂತು ಎಂಬ ಪ್ರಶ್ನೆಗೆ ಸಾವ್ಕಾರ್ರು ನೆನಪಿನಿಂದ ಉತ್ತರಿಸುವುದಿಲ್ಲ, ರೈಟರನ್ನು ಕೇಳುತ್ತಾರೆ. ಇದೆಲ್ಲ ಕೊನೆಗೆ ಚೆಕ್‌ರೋಲ್ ಎಂಬ ಉದ್ದನೆಯ ಪುಸ್ತಕಕ್ಕೆ ಇಳಿಯುತ್ತದೆ. ಅಡ್ಡಸಾಲಿನಲ್ಲಿ ಆಳಿನ ಹೆಸರು, ಉದ್ದಸಾಲಿನಲ್ಲಿ ತಾರೀಖು, ಎರಡೂ ಕೂಡುವ ಚೌಕದಲ್ಲಿ ಒಂದು ಗುರುತು. ಪೂರ್ತಿ ದಿನಕ್ಕೆ ಒಂದು, ಅರ್ಧ ದಿನಕ್ಕೆ ಇನ್ನೊಂದು, ಬಾರದವರಿಗೆ ಬೇರೊಂದು. ಬಟವಾಡೆಯ ದಿನ ಹಣ ಎಣಿಸುವುದು ಈ ಚೌಕಗಳನ್ನು ಕೂಡಿಯೇ. ದೊಡ್ಡ ಎಸ್ಟೇಟಿನಲ್ಲಿ ಮ್ಯಾನೇಜರು, ಫೀಲ್ಡಿನ ರೈಟರು, ಆಫೀಸಿನ ರೈಟರು ಎಂದು ಪಾಲುಗಳಿರುತ್ತವೆ. ಸಣ್ಣ ತೋಟದಲ್ಲಿ ಎಲ್ಲವೂ ಒಬ್ಬರೇ. ಎರಡು ಕಡೆಯೂ ಅವರ ಹೆಸರು ಬಂದದ್ದು ಆ ಚೌಕದೊಳಗಿನ ಗುರುತಿನಿಂದ.

ಈಗ ಇಂಗ್ಲಿಷಿನ ಕಡೆ ತಿರುಗೋಣ. ‘ರೈಟ್’ ಎಂಬ ಕ್ರಿಯಾಪದ ಹಳೆಯ ಇಂಗ್ಲಿಷಿನ ‘ರೀಟನ್’ನಿಂದ ಬಂದದ್ದು. ಅದಕ್ಕೆ ಮೂಲದಲ್ಲಿದ್ದ ಅರ್ಥ ಗೀರು, ಕೊರೆ, ಗುರುತು ಮಾಡು ಎಂದು. ಮರದ ಮೇಲೆ, ಮೂಳೆಯ ಮೇಲೆ, ಕಲ್ಲಿನ ಮೇಲೆ ಚೂಪಾದುದರಿಂದ ಗೀರಿದ ಜನರ ಪದ ಅದು. ಹರಿ ಎಂಬರ್ಥದ ಜರ್ಮನ್ ಕ್ರಿಯಾಪದವೊಂದು ಇದರ ಒಡಹುಟ್ಟು. ಲ್ಯಾಟಿನಿನ ‘ಸ್ಕ್ರೀಬೆರೆ’, ಗ್ರೀಕಿನ ‘ಗ್ರಾಫೈನ್’, ಸಂಸ್ಕೃತದ ‘ಲಿಖ್’ ಎಲ್ಲಕ್ಕೂ ಗೀರುವುದೇ ಮೂಲ. ನಮ್ಮ ‘ಬರೆ’ಯಂತೂ ಇದಕ್ಕೆ ಜೀವಂತ ಸಾಕ್ಷಿ. ಕಾಗದದ ಮೇಲೆ ಬರೆಯುವುದೂ ಬರೆಯೇ, ಮೈಮೇಲೆ ಎಳೆಯುವ ಬೆಂಕಿಯ ಬರೆಯೂ ಬರೆಯೇ, ಹುಲಿಯ ಮೈಯ ಪಟ್ಟೆಯೂ ಬರೆಯೇ. ಹುಲಿಯನ್ನು ನೋಡಿ ನರಿ ಬರೆ ಎಳೆದುಕೊಂಡಿತು ಎಂಬ ಗಾದೆಯ ನರಿ ಲೇಖನ ಬರೆಯಲಿಲ್ಲ, ಗೆರೆ ಎಳೆದುಕೊಂಡಿತು. ಇಂಥ ಮೂಲದಿಂದ ಹುಟ್ಟಿದ ‘ರೈಟರ್’ಗೆ ಇದ್ದ ಹಳೆಯ ಅರ್ಥ ಅಕ್ಷರ ಬಲ್ಲವನು, ಕೈಬರಹದವನು, ನಕಲು ಮಾಡುವವನು ಎಂದು. ಗ್ರಂಥಕರ್ತ ಎಂಬ ಅರ್ಥ ಅದರ ಮಗ್ಗುಲಲ್ಲೇ ಬೆಳೆಯಿತು, ಕಾಲಕ್ರಮದಲ್ಲಿ ದೊಡ್ಡದಾಯಿತು. ಕೃತಿಯನ್ನು ಹುಟ್ಟಿಸುವವನಿಗೆಂದೇ ಇಂಗ್ಲಿಷಿನಲ್ಲಿ ಬೇರೆ ಪದವೂ ಇತ್ತು. ‘ಆಥರ್’ ಎಂಬುದು ಬೆಳೆಸು, ಹೆಚ್ಚಿಸು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. ಅಂದರೆ ಇಲ್ಲದ್ದನ್ನು ಇರಿಸುವವನು ಆಥರ್; ಇದ್ದದ್ದನ್ನು ಗುರುತು ಹಾಕುವವನು ರೈಟರ್. ಹೀಗೆ ನೋಡಿದರೆ ಹಾನುಬಾಳಿನ ಬಳಕೆ ಧಾತುವಿಗೆ ಎಷ್ಟು ಹತ್ತಿರವಿದೆ ಎಂಬುದು ಕಾಣುತ್ತದೆ. ಚೆಕ್‌ರೋಲಿನ ಚೌಕದಲ್ಲಿ ಎಳೆಯುವ ಗೀರಿಗಿಂತ ಶುದ್ಧವಾದ ಗೀರು ಯಾವುದು?

ಧಾತುವನ್ನು ಹಿಡಿದು ಏನನ್ನಾದರೂ ಸಾಧಿಸಬಹುದು, ಪದವನ್ನು ಆಳುವುದು ಬಳಕೆ ತಾನೆ ಎಂದು ಯಾರಾದರೂ ಆಕ್ಷೇಪಿಸಬಹುದು. ನ್ಯಾಯವಾದ ಮಾತು. ಆದ್ದರಿಂದ ಬಳಕೆಯ ಸಾಕ್ಷ್ಯವನ್ನೇ ಕೊಡುತ್ತೇನೆ. ಈಸ್ಟ್ ಇಂಡಿಯಾ ಕಂಪನಿಯ ನೌಕರಿಯ ಏಣಿಯಲ್ಲಿ ಅತ್ಯಂತ ಕೆಳಗಿನ ಕಾಯಂ ಮೆಟ್ಟಿಲಿನ ಹೆಸರೇ ರೈಟರ್. ಅದರ ಮೇಲೆ ಫ್ಯಾಕ್ಟರ್, ಆಮೇಲೆ ಜೂನಿಯರ್ ಮರ್ಚೆಂಟ್, ತುದಿಯಲ್ಲಿ ಸೀನಿಯರ್ ಮರ್ಚೆಂಟ್. ಹದಿಹರೆಯದ ಹುಡುಗರು ಲಂಡನ್ನಿನ ನಿರ್ದೇಶಕರ ಕೃಪೆಯಿಂದ ರೈಟರಿಕೆ ಗಿಟ್ಟಿಸಿಕೊಂಡು ಹಡಗು ಹತ್ತುತ್ತಿದ್ದರು. ಕೋಠಿಯಲ್ಲಿ ಕೂತು ಬಟ್ಟೆಯ ಬೇಲು, ಮೆಣಸಿನ ಮೂಟೆ, ಸಾಲ-ಮುಂಗಡಗಳ ಲೆಕ್ಕವನ್ನು ಹಾಳೆಗಟ್ಟಲೆ ನಕಲು ಮಾಡುತ್ತಿದ್ದರು. 1744ರಲ್ಲಿ ಮದರಾಸಿಗೆ ಬಂದಿಳಿದ ರಾಬರ್ಟ್ ಕ್ಲೈವ್ ಇಂಥ ಒಬ್ಬ ರೈಟರ್. 1750ರಲ್ಲಿ ಕಲ್ಕತ್ತೆಗೆ ಬಂದ ವಾರನ್ ಹೇಸ್ಟಿಂಗ್ಸ್ ಇನ್ನೊಬ್ಬ. ಇಬ್ಬರೂ ಆ ಹುದ್ದೆ ಹಿಡಿದದ್ದು ಸಾಹಿತ್ಯಕ್ಕಾಗಿ ಅಲ್ಲ ಎಂಬುದನ್ನು ಚರಿತ್ರೆ ಧಾರಾಳವಾಗಿ ಹೇಳುತ್ತದೆ. ಇವರಂಥವರಿಗೆಂದೇ ಕಲ್ಕತ್ತೆಯಲ್ಲಿ 1777ರ ಸುಮಾರಿಗೆ ಥಾಮಸ್ ಲಯಾನ್ ಯೋಜಿಸಿದ ಉದ್ದನೆಯ ಕಟ್ಟಡವೇ ರೈಟರ್ಸ್ ಬಿಲ್ಡಿಂಗ್. ಅದು ಮುಂದೆ ಬಂಗಾಳದ ಸಚಿವಾಲಯವಾಯಿತು. ಮುಖ್ಯಮಂತ್ರಿಯ ಕಚೇರಿ 2013ರಲ್ಲಿ ಅಲ್ಲಿಂದ ಏಳುವತನಕ ಬಂಗಾಳಿಗಳ ಬಾಯಲ್ಲಿ ‘ರೈಟರ್ಸ್’ ಎಂದರೆ ಸರ್ಕಾರ ಎಂದೇ ಅರ್ಥ. ಆ ಕಟ್ಟಡದ ಹೆಸರು ಕೇಳಿ ಅದು ಸಾಹಿತ್ಯ ಭವನವೆಂದು ತಿಳಿದವನನ್ನು ಕಲ್ಕತ್ತೆಯಲ್ಲಿ ನೋಡಿ ನಗುತ್ತಿದ್ದರು. ಹಾನುಬಾಳಿನಲ್ಲಿ ನಗೆ ತಿರುಗಿ ಬಿದ್ದಿದೆ, ಅಷ್ಟೇ.

ಕಂಪನಿಯ ಈ ದರ್ಜೆಗಳು 1833ರಲ್ಲಿ ರದ್ದಾದವು. ಆದರೆ ಪದ ಅಲ್ಲಿಗೆ ಸಾಯಲಿಲ್ಲ. ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಎಂಬ ಆಂಗ್ಲೋ-ಇಂಡಿಯನ್ ಪದಕೋಶ ರೈಟರ್ ಪದಕ್ಕೆ ಎರಡು ಅರ್ಥ ಕೊಡುತ್ತದೆ. ಮೊದಲನೆಯದು ಕಂಪನಿಯ ಆ ಹಳೆಯ ದರ್ಜೆ. ಎರಡನೆಯದು ಕಚೇರಿಯಲ್ಲಿ ನಕಲು ಮಾಡುವ ಗುಮಾಸ್ತ. ಅವನು ದೇಶೀಯನಾಗಿರಬಹುದು, ಐರೋಪ್ಯನಾಗಿರಬಹುದು. ಅಂದರೆ ದೊರೆಯ ಮಗನಿಗೆ ಇದ್ದ ಹೆಸರು ಅವನು ಬಿಟ್ಟೆದ್ದ ಕುರ್ಚಿಯಲ್ಲಿ ಕೂತ ಇಲ್ಲಿಯವನಿಗೆ ಬಂತು. ಇಂಗ್ಲೆಂಡಿನ ನೌಕಾಪಡೆಯಲ್ಲಿ ಕಚೇರಿ ಕೆಲಸದ ನಾವಿಕನ ಹೆಸರು ರೈಟರ್. ಭಾರತದ ನೌಕಾಪಡೆಯೂ ಅದನ್ನು ಉಳಿಸಿಕೊಂಡಿದೆ. ಸ್ಕಾಟ್ಲೆಂಡಿನಲ್ಲಿ ವಕೀಲರ ಒಂದು ಪುರಾತನ ಸಂಘದ ಸದಸ್ಯನಿಗೆ ‘ರೈಟರ್ ಟು ದಿ ಸಿಗ್ನೆಟ್’ ಎಂಬ ಬಿರುದು. ಕಾದಂಬರಿಗಳಿಂದ ಹೆಸರು ಮಾಡಿದ ವಾಲ್ಟರ್ ಸ್ಕಾಟ್‌ನ ತಂದೆ ಅಂಥ ರೈಟರ್. ಆ ಮನೆಯಲ್ಲಿ ಅಧಿಕೃತವಾಗಿ ರೈಟರ್ ಎನಿಸಿಕೊಂಡವರು ಕಾದಂಬರಿ ಬರೆಯದ ತಂದೆ. ನಮ್ಮ ಪೊಲೀಸ್ ಠಾಣೆಗಳಲ್ಲಿ ದೂರು ದಾಖಲಿಸುವವರಿಗೆ ಈಗಲೂ ರೈಟರ್ ಎನ್ನುತ್ತಾರೆ, ಅವರನ್ನು ನೋಡಿ ಯಾರೂ ನಗುವುದಿಲ್ಲ. ನಗುವ ಧೈರ್ಯ ಇರುವುದಿಲ್ಲ ಎಂದೂ ಹೇಳಬಹುದು. ಇಷ್ಟು ಸಾಕ್ಷಿಗಳು ಸಾಲಾಗಿ ನಿಂತ ಮೇಲೆ ತೋಟದ ರೈಟರನ್ನು ಮಾತ್ರ ಭಾಷೆ ಬಾರದವರ ತಪ್ಪು ಎನ್ನುವುದು ಹೇಗೆ?

ಪದ ಈ ಬೆಟ್ಟಗಳಿಗೆ ಬಂದ ಕಾಲವೂ ಇದಕ್ಕೆ ಹೊಂದುತ್ತದೆ. ಇಂದಿನ ಸಕಲೇಶಪುರ ತಾಲ್ಲೂಕಿಗೆ ಆಗ ಮಂಜರಾಬಾದ್ ಎಂದು ಹೆಸರು. ಟಿಪ್ಪು 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯಿಂದ ಬಂದ ಹೆಸರದು. ಮಂಜರಾಬಾದಿನ ದಕ್ಷಿಣ ಭಾಗದ ಐಗೂರಿನ ಬಳಿ ಗ್ರೀನ್ ಎಂಬ ಐರೋಪ್ಯ ಕಾಫಿ ತೋಟಕ್ಕೆ ಕೈಹಾಕಿದ್ದು 1843ರಲ್ಲಿ. ಸ್ಕಾಟ್ಲೆಂಡಿನ ಪ್ಲಾಂಟರ್ ರಾಬರ್ಟ್ ಎಲಿಯಟ್ ಬಂದದ್ದು 1850ರ ದಶಕದ ಮಧ್ಯದಲ್ಲಿ. ರೈಟರ್ ಎಂಬ ಪದ ಕಂಪನಿಯ ದರ್ಜೆಯಿಂದ ಇಳಿದು ಕಚೇರಿ ಗುಮಾಸ್ತನ ಹೆಸರಾಗಿ ಮದರಾಸಿನ ಕಡೆ ಓಡಾಡುತ್ತಿದ್ದ ಕಾಲ ಅದು. ಪ್ಲಾಂಟರುಗಳು ಹಣ್ಣಿನ ಸಿಪ್ಪೆ ಬಿಡಿಸುವ ತಮ್ಮ ಪಲ್ಪರಿನ ಜೊತೆಗೆ ಆ ಪದವನ್ನೂ ಘಾಟಿ ಹತ್ತಿಸಿರಬೇಕೆಂದು ಊಹಿಸುವುದು ಕಷ್ಟವಲ್ಲ. ಎಸ್ಟೇಟಿನ ಮಾತೇ ಒಂದು ಸಂತೆ. ಮೇಸ್ತ್ರಿ ಬಂದದ್ದು ಪೋರ್ಚುಗೀಸಿನ ‘ಮೆಸ್ತ್ರೆ’ಯಿಂದ, ಹಾಜರಿ ಅರಬ್ಬಿಯಿಂದ, ಆಳುಗಳು ವಾಸಿಸುವ ಲೈನ್ ಮನೆಯ ಲೈನು ಇಂಗ್ಲಿಷಿನಿಂದ, ಮನೆ ನಮ್ಮದು. ಎಲ್ಲ ಕಡೆಯೂ ಹೀಗೇ ಆಗಬೇಕಿತ್ತೆಂದೇನೂ ಇಲ್ಲ. ಸಿಂಹಳದ ತೋಟಗಳಲ್ಲಿ ಲೆಕ್ಕದವನಿಗೆ ತಮಿಳಿನ ಕಣಕ್ಕಪ್ಪಿಳ್ಳೈ ಎಂಬ ಹೆಸರೇ ನಿಂತಿತು. ಇಂಗ್ಲಿಷರೇ ಅದನ್ನು ತಮ್ಮ ನಾಲಿಗೆಗೆ ಹೊಂದಿಸಿಕೊಂಡರು. ನಮ್ಮಲ್ಲಿ ರೈಟರು ನಿಂತರು.

ಇಲ್ಲಿ ಕನ್ನಡಾಭಿಮಾನಿಗಳ ಆಕ್ಷೇಪ ಏಳುತ್ತದೆ, ಅದಕ್ಕೆ ತೂಕವೂ ಇದೆ. ಬರೆಯುವವನಿಗೆ ನಮ್ಮಲ್ಲಿ ಹೆಸರಿಗೆ ಬರವಿತ್ತೇ? ಹೊಯ್ಸಳರ ಶಾಸನಗಳಲ್ಲಿ ಪಾಠ ಬರೆದವನು ಸೇನಬೋವ, ಕಲ್ಲಿನಲ್ಲಿ ಕಂಡರಿಸಿದವನು ರೂವಾರಿ. ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದು ಸಿಕ್ಕ ಹಲ್ಮಿಡಿ ಇದೇ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿದೆ. ಸಾವಿರದೈನೂರು ವರ್ಷಗಳಿಂದ ಬರೆಯುತ್ತ ಬಂದ ನಾಡಿಗೆ ಬರೆಯುವವನ ಹೆಸರನ್ನು ಹಡಗಿನಲ್ಲಿ ತರಿಸಿಕೊಳ್ಳುವ ದರಿದ್ರವೇನಿತ್ತು? ಸೇನಬೋವನಿಂದ ಬಂದ ಶಾನುಭೋಗ, ಕರಣಿಕ, ಲೆಕ್ಕಿಗ ಇವರೆಲ್ಲ ಇರುವಾಗ ರೈಟರ್ ಎಂದದ್ದು ನರಿ ಬರೆ ಎಳೆದುಕೊಂಡ ಹಾಗೆಯೇ ಅಲ್ಲವೇ? ನನ್ನ ಉತ್ತರ ಇಷ್ಟು. ಶಾನುಭೋಗರ ಪುಸ್ತಕದಲ್ಲಿ ಇದ್ದದ್ದು ಭೂಮಿ. ಯಾವ ಸರ್ವೆ ನಂಬರು ಯಾರದು, ಕಂದಾಯ ಎಷ್ಟು, ಬಾಕಿ ಎಷ್ಟು ಎಂಬುದು. ಆ ಭೂಮಿಯಲ್ಲಿ ನಾಟಿ ಹಾಕಿದ ಹೆಂಗಸಿನ ಇಂದಿನ ದುಡಿಮೆ ಆ ಪುಸ್ತಕಕ್ಕೆ ಸಂಬಂಧಿಸಿದ್ದಲ್ಲ. ಊರಿನ ದುಡಿಮೆ ಭತ್ತದಲ್ಲಿ, ಋಣದಲ್ಲಿ, ಜೀತದಲ್ಲಿ, ವರ್ಷದ ಲೆಕ್ಕದಲ್ಲಿ ನಡೆಯುತ್ತಿತ್ತು. ಎಸ್ಟೇಟು ತಂದದ್ದು ಹೊಸ ಬಗೆಯ ಪುಸ್ತಕ. ಅದರಲ್ಲಿ ಇರುವುದು ಭೂಮಿಯ ಒಡೆಯನ ಹೆಸರಲ್ಲ, ಆಳಿನ ಹೆಸರು. ಅಳತೆ ಎಕರೆಯದಲ್ಲ, ದಿನದ್ದು. ಆ ಪುಸ್ತಕ ಹಿಡಿದವನನ್ನು ಶಾನುಭೋಗ ಎಂದಿದ್ದರೆ ಇಬ್ಬರ ಕೆಲಸವೂ ಕಲಸಿಹೋಗುತ್ತಿತ್ತು. ಹೊಸ ಕೆಲಸಕ್ಕೆ ಹೊಸ ಹೆಸರು ಹಿಡಿದ ಜನ ನರಿಯಂತೆ ವೇಷ ಹಾಕಲಿಲ್ಲ, ವ್ಯತ್ಯಾಸವನ್ನು ಗುರುತಿಸಿದರು. ಶಾನುಭೋಗಿಕೆಯನ್ನೇ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ತೆಗೆದುಹಾಕಿತು. ಅವರ ಜಾಗಕ್ಕೆ ಬಂದ ಗ್ರಾಮ ಲೆಕ್ಕಿಗರ ಹೆಸರೂ ಈಚೆಗೆ ಗ್ರಾಮ ಆಡಳಿತ ಅಧಿಕಾರಿ ಎಂದು ಬದಲಾಯಿತು. ತೋಟದ ರೈಟರು ಮಾತ್ರ ರೈಟರಾಗಿಯೇ ಇದ್ದಾರೆ. ಇನ್ನು ಗುಮಾಸ್ತ ಅನ್ನಿ ಎನ್ನುವವರಿಗೆ ಹೇಳಬೇಕಾದ್ದು, ಆ ಪದ ಬಂದದ್ದು ಪಾರಸಿಯಿಂದ ಎಂದು. ಕಾರಕೂನ, ಮುನ್ಷಿ ಎಲ್ಲ ಆ ಕಡೆಯವರೇ. ಆಳುವವರ ಭಾಷೆ ಬದಲಾದಾಗಲೆಲ್ಲ ಬರೆಯುವವನ ಹೆಸರು ಬದಲಾಗಿದೆ, ಏಕೆಂದರೆ ಅವನು ಕೂರುವುದು ಆಳುವವರ ಮತ್ತು ಆಳಿಸಿಕೊಳ್ಳುವವರ ನಡುವಿನ ಮೇಜಿನಲ್ಲಿ.

ಆ ಮೇಜನ್ನು ನೆನೆದರೆ ಇನ್ನೂ ಗಟ್ಟಿಯಾದ ಆಕ್ಷೇಪ ಎದುರಾಗುತ್ತದೆ. ಪದದ ಚರಿತ್ರೆ ಚೆನ್ನಾಗಿದೆ, ಆದರೆ ಲೈನ್ ಮನೆಯಲ್ಲಿ ಇದ್ದವರಿಗೆ ರೈಟರು ಎಂಬುದು ಪದವ್ಯುತ್ಪತ್ತಿಯ ಆನಂದವಾಗಿರಲಿಲ್ಲ ಎನ್ನಬಹುದು. ಘಟ್ಟದ ಕೆಳಗಿನಿಂದ ಮುಂಗಡ ಹಣದ ಮೇಲೆ ಮೇಸ್ತ್ರಿಗಳು ಕರೆತಂದ ಆಳುಗಳಿಗೆ ಓದು ಬರುತ್ತಿರಲಿಲ್ಲ. ಮುಂಗಡ ಎಷ್ಟು ತೀರಿತು, ಎಷ್ಟು ಉಳಿಯಿತು ಎಂಬುದು ಇದ್ದದ್ದು ಬರೆದವರ ಕೈಯಲ್ಲಿ. ಬಂದ ದಿನವನ್ನು ಬಾರದ ದಿನವಾಗಿಸಲು, ಒಂದು ಆಳನ್ನು ಅರ್ಧ ಆಳಾಗಿಸಲು ಒಂದು ಗೀರು ಸಾಕಾಗಿತ್ತು. ಮೈಮೇಲಿನ ಬರೆಗೂ ಪುಸ್ತಕದ ಬರೆಗೂ ವ್ಯತ್ಯಾಸ ಅಳಿದುಹೋಗುವ ಜಾಗ ಅದು. ಇದನ್ನು ನಾನು ಅಲ್ಲಗಳೆಯುವುದಿಲ್ಲ, ಬದಲಿಗೆ ನನ್ನ ವಾದದ ನಡುಗಂಬವಾಗಿ ನಿಲ್ಲಿಸುತ್ತೇನೆ. ರೈಟರ್ ಎಂಬ ಪದ ಕ್ಲಾರ್ಕ್ ಎಂಬುದಕ್ಕಿಂತ, ಸೂಪರ್‌ವೈಸರ್ ಎಂಬುದಕ್ಕಿಂತ ಸತ್ಯವಾಗಿರುವುದು ಈ ಕಾರಣಕ್ಕೇ. ಸೂಪರ್‌ವೈಸರ್ ಮೇಲಿನಿಂದ ನೋಡುವವನು. ಆದರೆ ನೋಡಿದ ಮಾತ್ರಕ್ಕೆ ಕೂಲಿ ಹುಟ್ಟುವುದಿಲ್ಲ. ಮರಗಸಿಗೆ ಏರಿದವನ ಬೆವರನ್ನು ಮೇಸ್ತ್ರಿಯೂ ನೋಡಿದ, ಪಕ್ಕದ ಆಳೂ ನೋಡಿದ. ಅದು ಕೂಲಿಯಾಗುವುದು ಬರೆದ ಮೇಲೆ. ಬಟವಾಡೆಯ ದಿನ ಕೆಲಸಕ್ಕೂ ಹಣಕ್ಕೂ ನಡುವೆ ಇರುವ ಏಕೈಕ ಸೇತುವೆ ಆ ಬರಹ. ಅಧಿಕಾರ ಇರುವುದು ಎಲ್ಲಿ ಎಂಬುದನ್ನು ಆಳುಗಳು ಕಂಡುಕೊಂಡು, ಅಧಿಕಾರದ ಕ್ರಿಯೆಯಿಂದಲೇ ಅಧಿಕಾರಿಯನ್ನು ಕರೆದರು. ಪ್ಲಾಂಟೇಶನ್ ಕಾರ್ಮಿಕರ ಕಾಯಿದೆ 1951ರಲ್ಲಿ ಬಂದಾಗ ಅದು ಮನೆ, ನೀರು, ವೈದ್ಯ, ರಜೆಗಳ ಹಕ್ಕು ಕೊಟ್ಟಿತು. ಅದರಲ್ಲಿ ರಜೆಯ ಹಕ್ಕಿಗೆ ಎಷ್ಟು ದಿನ ದುಡಿದದ್ದು ಎಂಬ ಬರಹವೇ ಆಧಾರ. ಹೆದರಿಸಲು ಬಳಕೆಯಾದ ಪುಸ್ತಕವೇ ಹಕ್ಕು ಕೇಳಲು ಸಾಕ್ಷಿಯಾಯಿತು. ಇಂದು ಅಸ್ಸಾಂ, ಬಂಗಾಳಗಳ ಕಡೆಯಿಂದ ಕಾಫಿ ಕೊಯ್ಯಲು ಮಲೆನಾಡಿಗೆ ಬರುವವರಿದ್ದಾರೆ. ಅವರಲ್ಲಿ ರೈಟರ್ಸ್ ಎಂದರೆ ಸರ್ಕಾರ ಎಂದು ತಿಳಿದಿದ್ದ ಬಂಗಾಳದವರಿಗೆ ಇಲ್ಲಿಯ ರೈಟರು ಯಾರೆಂದು ಹೆಚ್ಚು ವಿವರಿಸಬೇಕಾಗುವುದಿಲ್ಲ.

ಬರಹದ ಈ ಹಳೆಯ ಅರ್ಥ ನಮಗೆ ಪರಕೀಯವೂ ಅಲ್ಲ. ನಮ್ಮ ನಂಬಿಕೆಯಲ್ಲಿ ಮೊದಲ ಬರವಣಿಗೆ ಹಣೆಬರಹ. ಅದನ್ನು ಬರೆಯುವ ಬ್ರಹ್ಮನನ್ನು ಯಾರೂ ಸಾಹಿತಿ ಎನ್ನುವುದಿಲ್ಲ. ಬರೆದನೆಂದರೆ ಆಯಿತು, ಅದು ಜಾರಿಗೆ ಬರುತ್ತದೆ. ಯಮನ ಆಸ್ಥಾನದ ಚಿತ್ರಗುಪ್ತನಂತೂ ಪರಿಪೂರ್ಣ ರೈಟರು. ಅವನ ಪುಸ್ತಕದಲ್ಲಿ ಪ್ರತಿ ಆಳಿನ ಪ್ರತಿ ದಿನ, ಕಡೆಯಲ್ಲಿ ಒಂದೇ ಒಂದು ಬಟವಾಡೆ. ಮಹಾಭಾರತದ ಕತೆಯಲ್ಲಿ ವ್ಯಾಸರು ಹೇಳಿದರು, ಗಣಪತಿ ಬರೆದ. ಇವರಲ್ಲಿ ರೈಟರು ಯಾರು ಎಂದು ಬೆಂಗಳೂರಿನಲ್ಲಿ ಕೇಳಿದರೆ ವ್ಯಾಸರ ಹೆಸರು ಹೇಳುತ್ತಾರೆ. ಹಾನುಬಾಳಿನ ಬಳಕೆಯ ಪ್ರಕಾರ ಅದು ಗಣಪತಿ, ಮತ್ತು ಆ ಉತ್ತರದಲ್ಲಿ ಅಕ್ಷರಶಃ ತಪ್ಪಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಗದುಗಿನಲ್ಲಿದೆ. ಕುಮಾರವ್ಯಾಸ ತನ್ನ ಭಾರತದ ಆರಂಭದಲ್ಲಿ ಕವಿಯ ಪಟ್ಟವನ್ನು ವೀರನಾರಾಯಣನಿಗೆ ಬಿಟ್ಟುಕೊಟ್ಟು ತನ್ನನ್ನು ಬರಿಯ ಲಿಪಿಕಾರನೆಂದು ಕರೆದುಕೊಳ್ಳುತ್ತಾನೆ. ಅಂದರೆ ಕನ್ನಡದ ಮಹಾಕವಿಯೊಬ್ಬ ತನಗೆ ಆರಿಸಿಕೊಂಡ ಹುದ್ದೆ ತೋಟದ ಅರ್ಥದ ರೈಟರಿಕೆ. ಅದು ವಿನಯ ಎನ್ನುತ್ತೀರಿ, ಇರಬಹುದು. ಆದರೆ ವಿನಯವೂ ಸುಳ್ಳಾಗಬಾರದಲ್ಲ. ಕಾಣಿಸಿದ್ದನ್ನು ತಪ್ಪದೆ ಇಳಿಸುವುದು ಬರೆಯುವವನ ಮೊದಲ ಧರ್ಮ ಎಂಬ ತಿಳಿವು ಆ ಮಾತಿನ ಹಿಂದಿದೆ.

ಇನ್ನೊಂದು ಆಕ್ಷೇಪ ಇಂದಿನದು. ಈಗಿನ ರೈಟರು ಬರೆಯುವುದೆಲ್ಲಿ? ಅವರ ದಿನದ ಬಹುಪಾಲು ಗುಡ್ಡ ಹತ್ತಿ ಇಳಿಯುವುದರಲ್ಲಿ, ಕಾಂಡ ಕೊರೆಯುವ ಬೋರರ್ ಹುಳು ಹಿಡಿದ ಗಿಡ ತೋರಿಸುವುದರಲ್ಲಿ, ಆನೆ ಯಾವ ಕಡೆ ಇದೆ ಎಂದು ಫೋನಿನಲ್ಲಿ ವಿಚಾರಿಸಿ ಆಳುಗಳನ್ನು ಈ ಕಡೆ ತಿರುಗಿಸುವುದರಲ್ಲಿ ಕಳೆಯುತ್ತದೆ. ಲೆಕ್ಕ ಮೊಬೈಲಿಗೆ, ಕಂಪ್ಯೂಟರಿಗೆ ಸರಿಯುತ್ತಿದೆ. ಬರೆಯದವನನ್ನು ರೈಟರ್ ಎನ್ನುವುದು ಸತ್ತ ಪದವನ್ನು ಹೊತ್ತು ತಿರುಗಿದಂತೆ ಎನ್ನುವವರಿದ್ದಾರೆ. ಹಾಗಾದರೆ ಕಂಪ್ಯೂಟರ್ ಪದವನ್ನೇ ನೋಡಿ. ಇಂಗ್ಲಿಷಿನಲ್ಲಿ ಮುನ್ನೂರು ವರ್ಷಗಳ ಕಾಲ ಆ ಪದಕ್ಕೆ ಲೆಕ್ಕ ಮಾಡುವ ಮನುಷ್ಯ ಎಂಬರ್ಥವಿತ್ತು. ಯಂತ್ರಕ್ಕೆ ಅಂಟಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಟೈಪ್‌ರೈಟರ್ ಎಂಬುದು ಒಂದು ಕಾಲದಲ್ಲಿ ಯಂತ್ರದ ಹೆಸರೂ ಹೌದು, ಅದರ ಮುಂದೆ ಕೂತವರ ಹೆಸರೂ ಹೌದು. ನಮ್ಮ ರೂವಾರಿ ಉಳಿ ಬಿಟ್ಟು ಎಷ್ಟೋ ಕಾಲವಾಯಿತು, ಈಗ ಪತ್ರಿಕೆಗಳಲ್ಲಿ ಯೋಜನೆಗಳ ರೂವಾರಿಯಾಗಿದ್ದಾನೆ. ಹೆಸರು ಸಾಧನಕ್ಕೆ ಕಟ್ಟಿಬಿದ್ದಿರುವುದಿಲ್ಲ, ಹೊಣೆಗೆ ಕಟ್ಟಿಬಿದ್ದಿರುತ್ತದೆ. ಪೆನ್ನಿನ ಗೀರು ಹೋಗಿ ಬೆರಳಿನ ಒತ್ತು ಬಂದರೂ ಇಂದು ಯಾರು ಬಂದಿದ್ದರು, ಯಾರು ಎಷ್ಟು ಕೊಯ್ದರು ಎಂಬುದಕ್ಕೆ ಉತ್ತರ ಕೊಡಬೇಕಾದವರು ರೈಟರೇ. ಆ ಉತ್ತರ ಇರುವತನಕ ಪದಕ್ಕೆ ಜೀವವಿದೆ.

ಹಾಗಾದರೆ ನಗು ಎಲ್ಲಿಂದ ಬರುತ್ತದೆ? ಶಾಲೆಯಿಂದ. ನಾವು ಇಂಗ್ಲಿಷನ್ನು ಪಠ್ಯಪುಸ್ತಕದಿಂದ ಕಲಿತೆವು. ಅಲ್ಲಿ ರೈಟರ್ ಪಕ್ಕದಲ್ಲಿ ಲೇಖಕ ಎಂಬ ಒಂದೇ ಅರ್ಥವಿತ್ತು. ಲೈನ್ ಮನೆಯ ಪಕ್ಕದ ಕ್ವಾರ್ಟರ್ಸಿನಿಂದ ಶಾಲೆಗೆ ಹೋಗುವ ಮಗುವೊಂದು ‘ನನ್ನ ತಂದೆ ರೈಟರ್’ ಎಂದು ಇಂಗ್ಲಿಷಿನಲ್ಲಿ ಬರೆದರೆ ಮೇಷ್ಟ್ರು ಅದನ್ನು ತಿದ್ದಿ ಕ್ಲಾರ್ಕ್ ಮಾಡುವ ಸಂಭವ ಹೆಚ್ಚು. ಮಗುವಿನ ವಾಕ್ಯದಲ್ಲಿ ಇರುವುದು ಕ್ಲೈವನ ಕಾಲದ ಇಂಗ್ಲಿಷು, ಮೇಷ್ಟ್ರ ಕೆಂಪು ಶಾಯಿಯಲ್ಲಿ ಇರುವುದು ಗೈಡಿನ ಇಂಗ್ಲಿಷು. ನಿಜ, ಇಂದಿನ ಲಂಡನ್ನಿನಲ್ಲಿ ಆ ವಾಕ್ಯ ಓದಿದವರು ತಪ್ಪು ತಿಳಿಯಬಹುದು. ಹೊರಗಿನವರಿಗೆ ಬರೆಯುವಾಗ ಮಗು ಒಂದು ಮಾತು ಸೇರಿಸಿ ವಿವರಿಸಬೇಕಾದೀತು. ಎಲ್ಲ ಭಾಷೆಯಲ್ಲೂ ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಬಳಕೆ ಇರುವಾಗ ಇದು ದೊಡ್ಡ ಕಷ್ಟವಲ್ಲ. ಸ್ಕಾಟ್ಲೆಂಡಿನ ವಕೀಲ ತನ್ನ ಬಿರುದನ್ನು ಲಂಡನ್ನಿನವರ ಗೊಂದಲಕ್ಕಾಗಿ ಬಿಟ್ಟುಕೊಡಲಿಲ್ಲ. ಕಾಫಿ ಸೀಮೆಯವರು ಮಾತ್ರ ತಮ್ಮ ಬಳಕೆಗೆ ನಾಚಿಕೊಳ್ಳಬೇಕೆನ್ನುವುದಕ್ಕೆ ಕಾರಣ ಭಾಷೆಯದಲ್ಲ, ಇದು ಆಳು-ಕಾಳಿನವರ ಬಾಯಲ್ಲಿ ಉಳಿದ ಪದ ಎಂಬ ತಾತ್ಸಾರದ್ದು.

ಇದೇ ಸೀಮೆಯ ಇಬ್ಬರನ್ನು ನೆನೆದರೆ ಎರಡು ಅರ್ಥಗಳ ನಡುವಿನ ಗೆರೆ ಸ್ಪಷ್ಟವಾಗುತ್ತದೆ. ಮಂಜರಾಬಾದಿನ ಪ್ಲಾಂಟರ್ ಎಲಿಯಟ್ ಮೈಸೂರು ಕಾಡಿನ ತನ್ನ ಅನುಭವಗಳನ್ನು 1871ರಲ್ಲಿ ಪುಸ್ತಕವಾಗಿ ತಂದ. ಚಿನ್ನ, ಬೇಟೆ, ಕಾಫಿಗಳ ಬಗ್ಗೆ 1894ರಲ್ಲಿ ಇನ್ನೊಂದು ಬರೆದ. ಹಾನುಬಾಳಿನ ಮಗ್ಗುಲ ಮೂಡಿಗೆರೆಯ ತೋಟದಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ಕನ್ನಡದ ಗದ್ಯವನ್ನೇ ಬೇರೆ ದಾರಿಗೆ ತಿರುಗಿಸಿದರು. ಇಬ್ಬರೂ ತೋಟದವರು, ಇಬ್ಬರೂ ಪುಸ್ತಕ ಬರೆದವರು, ಆದರೆ ಕಾಫಿ ಸೀಮೆಯ ಮಾತಿನಲ್ಲಿ ಇಬ್ಬರೂ ರೈಟರಲ್ಲ. ಅವರು ಬರೆದದ್ದನ್ನು ಓದುಗ ಮೆಚ್ಚಬಹುದು, ಬಿಡಬಹುದು. ನೂರು ವರ್ಷದ ಮೇಲೆ ಹೊಸ ಅರ್ಥ ಹಚ್ಚಬಹುದು. ಚೆಕ್‌ರೋಲಿಗೆ ಆ ಅನುಕೂಲವಿಲ್ಲ. ಮಂಗಳವಾರ ಬಂದವಳಿಗೆ ಮಂಗಳವಾರದ ಚೌಕ ಖಾಲಿ ಬಿಟ್ಟರೆ ಬಟವಾಡೆಯ ದಿನ ಅವಳೇ ಮೇಜಿನ ಮುಂದೆ ನಿಂತು ‘ರೈಟ್ರೇ, ನಂದು ಒಂದು ದಿನ ಬಿಟ್ಟೋಗಿದೆ’ ಎನ್ನುತ್ತಾಳೆ. ಪಕ್ಕದ ಸಾಲಿನಲ್ಲಿ ಕೆಲಸ ಮಾಡಿದ ನಾಲ್ಕು ಜನ ಸಾಕ್ಷಿ ಹೇಳುತ್ತಾರೆ. ಬರೆದದ್ದು ನಿಜವೋ ಸುಳ್ಳೋ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ. ಯಾವ ಸಾಹಿತ್ಯ ವಿಮರ್ಶೆಯೂ ಇಷ್ಟು ಖಡಾಖಂಡಿತವಾಗಿ ನಡೆಯುವುದಿಲ್ಲ. ಯಾರ ಬಗ್ಗೆ ಬರೆದಿದೆಯೋ ಅವರೇ ಎದುರಿಗೆ ಬಂದು ಲೆಕ್ಕ ಕೇಳುವ ಬರವಣಿಗೆ ಅದು.

ಆದ್ದರಿಂದ ಕನ್ನಡ ನಿಘಂಟುಗಳಲ್ಲಿ ರೈಟರ್ ಎಂಬ ಪದಕ್ಕೆ ಜಾಗ ಕೊಡುವಾಗ ಅರ್ಥಗಳ ಅನುಕ್ರಮವನ್ನು ಯೋಚಿಸಿ ಇಡುವುದು ಒಳ್ಳೆಯದು. ಒಂದು: ಕಾಫಿ ತೋಟದಲ್ಲಿ ಆಳುಗಳ ಹಾಜರಿ, ಕೆಲಸ, ಕೂಲಿಗಳನ್ನು ದಾಖಲಿಸಿ ಕೆಲಸ ನೋಡಿಕೊಳ್ಳುವವನು. ಎರಡು: ಪೊಲೀಸ್ ಠಾಣೆಯಲ್ಲಿ ದಾಖಲೆ ಬರೆಯುವವನು. ಮೂರು: ಕತೆ, ಕಾದಂಬರಿ, ಸಂಭಾಷಣೆ ಬರೆಯುವವನು. ಮೂರನೆಯ ಅರ್ಥಕ್ಕೆ ಕನ್ನಡದಲ್ಲಿ ಲೇಖಕ, ಸಾಹಿತಿ, ಬರಹಗಾರ ಎಂಬ ಪದಗಳು ಬೇಕಾದಷ್ಟಿವೆ. ಅಲ್ಲಿ ರೈಟರ್ ಎಂಬ ಎರವಲು ಬರಿಯ ಶೋಕಿ. ಮೊದಲ ಅರ್ಥಕ್ಕೆ ಬೇರೆ ಪದವಿಲ್ಲ, ಅಲ್ಲಿ ಅದು ಎರವಲಾಗಿ ಬಂದು ಸ್ವಂತದ್ದಾಗಿದೆ. ಹಾಗಿರುವಾಗ ಆ ಪದವನ್ನು ಬಿಟ್ಟುಕೊಡಬೇಕಾದವರು ಯಾರಾದರೂ ಇದ್ದರೆ ಅದು ನಾವು, ಪುಸ್ತಕದ ಕಡೆಯವರು. ತೋಟದ ರೈಟರು ಕೊಡಬೇಕಾದ ಕಾರಣವಿಲ್ಲ.